ಮಗ್ಗ ನಿಂತ 11 ಸೆಕೆಂಡು

ಹೋದ ವಾರ ಆ ಹುಡುಗರ ಮೊದಲ ಆಲ್ಬಮ್ ಹೊರಗೆ ಬಂತು. ಏಳು ಹಾಡು, 52 ನಿಮಿಷ. ಮಿಕ್ಸಿಂಗ್ ಅಂತ ನನ್ನ ಹೆಸರು ಹಾಕಿದ್ದಾರೆ. ಐದನೇ ಹಾಡು ಶುರುವಾದರೆ ಸಾಕು, ನನಗೆ ಈಗಲೂ ಕರುಳು ಹಿಂಡಿದಂತಾಗುತ್ತದೆ.

ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಸಣ್ಣ ಸ್ಟುಡಿಯೊದಲ್ಲಿ ರೆಕಾರ್ಡಿಂಗ್ ಕೆಲಸ ಮಾಡುತ್ತೇನೆ. ಇದು 12ನೇ ವರ್ಷ. ನಮಗೆ ಅನ್ನ ಹಾಕುವುದು ಜನಪದ, ಭಜನೆ, ಸವದತ್ತಿ ಎಲ್ಲಮ್ಮನ ಹಾಡು. ಕೀಬೋರ್ಡಿನವರು ಟ್ರ್ಯಾಕ್ ಮಾಡಿ ತರುತ್ತಾರೆ, ಹಾಡುವವರು ಬಂದು ವಾಯ್ಸ್ ಕೊಡುತ್ತಾರೆ, ಸಂಜೆಯೊಳಗೆ ಫೈನಲ್ ಪೆನ್‌ಡ್ರೈವಿಗೆ. ಹತ್ತಿರದಲ್ಲೇ ರೈಲ್ವೆ ಗೇಟು. ರೈಲು ಹಾರ್ನ್ ಹೊಡೆದರೆ ಟೇಕ್ ನಿಲ್ಲಿಸಿ ಕೂರುತ್ತೇವೆ. ಇಂಥ ಕಡೆ 22, 23 ವಯಸ್ಸಿನ ನಾಲ್ಕು ಹುಡುಗರು ಬಂದು ಪ್ರೊಗ್ರೆಸಿವ್ ರಾಕ್, ಅಂದರೆ ಉದ್ದುದ್ದ ಹಾಡು, ತಿರುವುಮುರುವು ತಾಳದ ರಾಕ್ ಆಲ್ಬಮ್ ಮಾಡಬೇಕು ಅಂದರು. ಮಾಲೀಕರು ಕೇಳಿದ್ದು ಒಂದೇ ಮಾತು: "ಹಾಡ ಎಷ್ಟ?" ನಮ್ಮ ದರ ಹಾಡಿನ ಲೆಕ್ಕದ್ದು. ಅದರಲ್ಲಿ ಒಂದು 11 ನಿಮಿಷದ್ದು ಅಂತ ಗೊತ್ತಾದ ಮೇಲೆ ದಿನಾ "ಲಗೂನ ಮುಗಿಸಿ ಕಳಸ್ರಿ, ಬನದ ಹುಣ್ಣಿವಿ ಜಾತ್ರಿ ಬುಕಿಂಗ್ ಬಂದಾವ" ಅನ್ನುವುದು ಶುರುವಾಯಿತು. ಮೂರು ವರ್ಷದಿಂದ ಕೇಳುತ್ತಿದ್ದ ಎರಡನೇ ಹಾರ್ಡ್‌ಡಿಸ್ಕ್ ಮಾತ್ರ ಆಗಲೂ ಬರಲಿಲ್ಲ.

ಆ 11 ನಿಮಿಷದ ಹಾಡೇ ಐದನೆಯದು. ಡ್ರಮ್ಮರ್ ಹುಡುಗನ ಮನೆ ವಡಗಾವಿಯ ನೇಕಾರರ ಓಣಿಯಲ್ಲಿ. ಅವನ ಅಪ್ಪ ಪವರ್‌ಲೂಮಿನಲ್ಲಿ ಸೀರೆ ನೇಯುತ್ತಿದ್ದವರು. ಮಗ್ಗ ಮಾರುವ ಮುಂಚೆ ಒಂದು ಮಧ್ಯಾಹ್ನ ಹುಡುಗರು ನಮ್ಮ ಸಣ್ಣ ರೆಕಾರ್ಡರ್ ಇಸಿದುಕೊಂಡು ಹೋಗಿ ಅದರ ಸದ್ದು ಹಿಡಿದು ತಂದಿದ್ದರು. ಲಾಳಿ ಹಾರಿ ಪೆಟ್ಟಿಗೆಗೆ ಬಡಿಯುವ ಖಟ್, ಫಣಿ ನೂಲನ್ನು ಒತ್ತುವ ಧಡ್, ಎಲ್ಲದರ ಅಡಿಗೆ ಮೋಟರಿನ ಗುಂಯ್. ನಿಮಿಷಕ್ಕೆ 118 ಪೆಟ್ಟು. ಇಡೀ ಹಾಡು ಆ ಪೆಟ್ಟಿನ ಮೇಲೆ ಕೂತಿದೆ. ಡ್ರಮ್ಮರ್ ಚಿಕ್ಕಂದಿನಲ್ಲಿ ತಬಲಾ ಕಲಿತವನು. ರೂಪಕ ತಾಳದ ಹಾಗೆ ಮೂರು-ಎರಡು-ಎರಡು ಅಂತ 7 ಮಾತ್ರೆ ನುಡಿಸುತ್ತಾನೆ. ರೂಪಕದಲ್ಲಿ ಸಮದ ಮೇಲೆಯೇ, ಅಂದರೆ ಮೊದಲ ಮಾತ್ರೆಯಲ್ಲೇ, ಖಾಲಿ ಬರುತ್ತದಲ್ಲ, ಹಾಗೆ ಇವನೂ ಮೊದಲ ಮಾತ್ರೆಗೆ ಕಿಕ್ ಡ್ರಮ್ಮಿನ ಪೆಟ್ಟು ಕೊಡುವುದೇ ಇಲ್ಲ. ಗಿಟಾರಿನವನು ಅದೇ ಪೆಟ್ಟಿನ ಮೇಲೆ ನಾಲ್ಕರಲ್ಲಿ ಸುತ್ತುತ್ತಾನೆ. 28 ಪೆಟ್ಟಿಗೊಮ್ಮೆ ಇಬ್ಬರೂ ಒಟ್ಟಿಗೆ ಬಂದು ಇಳಿಯುತ್ತಾರೆ. ಇದು ನನಗೆ ಮೊದಲ ದಿನವೇ ಹೊಳೆಯಿತು. ಹೊಳೆದದ್ದಕ್ಕೆ ಹೆಮ್ಮೆಯೂ ಆಯಿತು. ಏಳರ ಲೆಕ್ಕ ಸಿಕ್ಕಿತು ಅಂದರೆ ಹಾಡೇ ಸಿಕ್ಕಿತು ಅಂದುಕೊಂಡೆ.

ಡೆಮೊಗಳನ್ನು ಅವರು ತಿಂಗಳ ಮುಂಚೆಯೇ ಕಳಿಸಿದ್ದರು. ನಾನು ಒಂದೊಂದನ್ನೂ ಎರಡೆರಡು ನಿಮಿಷ ಕೇಳಿ ಬಿಟ್ಟಿದ್ದೆ. ಟೇಕ್ ನಡೆಯುವಾಗ ನನ್ನ ಕಣ್ಣು ಮೀಟರ್ ಮೇಲೆ, ಕಿವಿ ಡ್ರಮ್ಮಿನ ಮೇಲಿನ ಮೈಕುಗಳ ಸದ್ದು ಒಂದಕ್ಕೊಂದು ಹೊಂದುತ್ತಿದೆಯೇ ಅನ್ನುವುದರ ಮೇಲೆ. ಎರಡನೇ ಟೇಕಿಗೇ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅಷ್ಟು ಖುಷಿ ಯಾಕೆ ಅಂತ ನಾನು ಕೇಳಲಿಲ್ಲ.

ಶನಿವಾರ ರಾತ್ರಿ ಒಬ್ಬನೇ ಎಡಿಟ್‌ಗೆ ಕೂತೆ. ಆರನೇ ನಿಮಿಷಕ್ಕೆ ಬಂದಾಗ ಡ್ರಮ್ ಗ್ರಿಡ್, ಅಂದರೆ ಪರದೆಯ ಮೇಲಿನ ತಾಳದ ಗೆರೆ ಬಿಟ್ಟು ಹಿಂದೆ ಸರಿಯತೊಡಗಿತು. ನೋಡಿದರೆ ಮಗ್ಗವೇ 112ಕ್ಕೆ ಇಳಿದಿದೆ. ವೋಲ್ಟೇಜ್ ಬಿದ್ದಿರಬೇಕು. ಆಮೇಲೆ ನಾಲ್ಕೈದು ಪೆಟ್ಟು ಎಳೆದೆಳೆದು ಹೊಡೆದು ಮಗ್ಗ ನಿಂತೇಬಿಟ್ಟಿತು. ಹೆಡ್‌ಫೋನಿನಲ್ಲಿ ಮಗ್ಗ ನಿಂತ ಕೂಡಲೇ ಹುಡುಗರೂ ನಿಂತಿದ್ದಾರೆ. 11 ಸೆಕೆಂಡು ಏನೂ ಇಲ್ಲ. ಯಾವುದೋ ನೂಲಿನ ಕಂಡಿಕೆ ನೆಲದ ಮೇಲೆ ಉರುಳಿದ ಸದ್ದು, ದೂರದಿಂದ ಯಾರೋ "ಹೋತ್ ನೋಡ" ಅಂದದ್ದು. ಮತ್ತೆ ಮಗ್ಗ ಶುರು, ಹುಡುಗರೂ ಶುರು. ಕರೆಂಟ್ ಹೋಗಿ ರೆಕಾರ್ಡಿಂಗ್ ಕೆಟ್ಟಿದೆ, ಪಾಪ ಹುಡುಗರು ಅದಕ್ಕೆ ಸಿಕ್ಕಿ ಒದ್ದಾಡಿದ್ದಾರೆ ಅಂತ ನಾನೇ ತೀರ್ಮಾನ ಮಾಡಿದೆ. ಫೋನ್ ಪಕ್ಕದಲ್ಲೇ ಇತ್ತು. ಕೇಳಬಹುದಿತ್ತು.

ಕೇಳದೆ ಕೈ ಹಾಕಿದೆ. ಮಗ್ಗದ ಚೊಕ್ಕ 28 ಪೆಟ್ಟು ಆರಿಸಿ ಹಾಡಿನುದ್ದಕ್ಕೂ ಲೂಪ್ ಮಾಡಿದೆ. ಡ್ರಮ್ಮಿನ ಎಂಟೂ ಟ್ರ್ಯಾಕ್ ಪೆಟ್ಟು ಪೆಟ್ಟಿಗೂ ಕತ್ತರಿಸಿ 118ಕ್ಕೆ ಕ್ವಾಂಟೈಸ್ ಮಾಡಿದೆ, ಅಂದರೆ ಪ್ರತಿ ಪೆಟ್ಟನ್ನೂ ಸರಿಯಾಗಿ ಗೆರೆಯ ಮೇಲೆ ಕೂರಿಸಿದೆ. 11 ಸೆಕೆಂಡು ತೆಗೆದು ಅಂಚಿಗೆ ಅಂಚು ಕೂಡಿಸಿದೆ. ಜೋಡಣೆ ಎಲ್ಲೂ ಕೇಳಿಸುತ್ತಿರಲಿಲ್ಲ, ಅಷ್ಟು ನಾಜೂಕಾಗಿ ಮಾಡಿದ್ದೆ. ಮೂರೂವರೆ ಹೊತ್ತಿಗೆ ಡಿಸ್ಕ್ ಫುಲ್ ಅಂತ ವಾರ್ನಿಂಗ್ ಬಂತು. ಎಡಿಟ್ ಮಾಡಿದ ತುಣುಕೆಲ್ಲ ಒಂದೇ ಫೈಲಾಗಿ ಕೂಡಿಸಿ, ಬಳಸದ ಕ್ಲಿಪ್ಪುಗಳನ್ನು ಡಿಲೀಟ್ ಕೊಟ್ಟೆ. ಆ ಸಾಫ್ಟ್‌ವೇರ್ ಡಿಸ್ಕಿನಿಂದಲೇ ಅಳಿಸುತ್ತದೆ, ವಾಪಸ್ ತರಲು ದಾರಿಯಿಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಒತ್ತಿದೆ.

ಭಾನುವಾರ ಬೆಳಿಗ್ಗೆ ನಾಲ್ವರೂ ಬಂದು ಸೋಫಾದ ಮೇಲೆ ಕೂತರು. ಪ್ಲೇ ಮಾಡಿದೆ. ಡ್ರಮ್ಮರ್ ಕಣ್ಣು ಮುಚ್ಚಿ, ಬಲಗೈ ಬೆರಳಿನಿಂದ ಮೊಣಕಾಲಿನ ಮೇಲೆ ಮೂರು-ಎರಡು-ಎರಡು ಬಡಿಯುತ್ತಿದ್ದ. ಐದು ನಿಮಿಷ ಚೆನ್ನಾಗಿಯೇ ಹೋಯಿತು. ಆರನೇ ನಿಮಿಷದಲ್ಲಿ ಅವನ ಬೆರಳು ಸ್ಪೀಕರಿನಿಂದ ಹಿಂದೆ ಬೀಳತೊಡಗಿತು. ಸ್ಪೀಕರ್ 118ರಲ್ಲಿ ಓಡುತ್ತಿದೆ, ಬೆರಳು ತನ್ನ ಪಾಡಿಗೆ ನಿಧಾನವಾಗುತ್ತಿದೆ. ಆಮೇಲೆ ಬೆರಳು ಗಾಳಿಯಲ್ಲಿ ಎತ್ತಿದ್ದು ಎತ್ತಿದಂತೆಯೇ ನಿಂತಿತು. ಹಾಡು ಮುಂದೆ ಹೋಯಿತು. ಅವನು ಕಣ್ಣು ತೆರೆದ. ಉಳಿದ ಐದು ನಿಮಿಷ ಯಾರೂ ಅಲುಗಾಡಲಿಲ್ಲ. ನಾನು ಮೆಚ್ಚುಗೆಯ ಮಾತಿಗೆ ಕಾಯುತ್ತಿದ್ದೆ.

"ಮಗ್ಗ ನಿಂದ್ರಲಿಲ್ಲಲ್ರೀ ಅಣ್ಣಾ?"

"ಅದನ್ನ ಸರಿ ಮಾಡೀನಿ ತಮ್ಮಾ. ಯಾರಿಗೂ ಗೊತ್ತಾಗೂದಿಲ್ಲ."

ಅವನು ತಲೆ ಬಗ್ಗಿಸಿದ. ಗಿಟಾರಿನವನು ಮೆಲ್ಲಗೆ ಹೇಳಿದ: "ಕರೆಂಟ್ ಹೋದದ್ದ ಹಾಡ್ರೀ ಅದು. ಮೊದಲ ಆ 11 ಸೆಕೆಂಡ್ ಸಿಕ್ಕಾವು. ಹಿಂದ ಮುಂದ ಬರದಿದ್ದೆಲ್ಲಾ ಅದಕ್ಕ." ಮಗ್ಗ ಸುಸ್ತಾದಂತೆ ತಾವೂ ಸುಸ್ತಾಗಬೇಕು, ಅದು ನಿಂತಲ್ಲಿ ತಾವೂ ನಿಲ್ಲಬೇಕು ಅಂತ ಎರಡು ತಿಂಗಳು ಪ್ರಾಕ್ಟೀಸ್ ಮಾಡಿದ್ದರಂತೆ. "ಹಳೇ ಟೇಕ್ ಐತೆಲ್ರೀ, ಅದನ್ನ ಹಾಕ್ರಿ" ಅಂದ ಬೇಸ್ ನುಡಿಸುವ ಹುಡುಗ.

ನನ್ನ ಬಾಯಿ ಒಣಗಿತು. ಇಲ್ಲ ಅಂತ ಗೊತ್ತಿದ್ದೂ ಫೋಲ್ಡರ್ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಆಟೋ ಬ್ಯಾಕಪ್ ನೋಡಿದೆ. ಅದರಲ್ಲಿ ಸೆಷನ್ ಫೈಲ್ ಇತ್ತು, ಆಡಿಯೊ ಇಲ್ಲ. ನಾಲ್ವರೂ ಬಂದು ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ಅವರ ಉಸಿರು ಕೇಳುತ್ತಿತ್ತು. ಹತ್ತು ನಿಮಿಷ ಹಾಗೆ ಹುಡುಕಿದೆ. ತಿರುಗಿ ಅವರ ಮುಖ ನೋಡುವ ಧೈರ್ಯ ಬರದೆ ಹುಡುಕಿದೆ. ಕೊನೆಗೆ ತಿರುಗಿ, "ಅಳಿಸೀನ್ರಪಾ, ನನ್ನ ತಪ್ಪ" ಅಂದೆ. ಮಗ್ಗ ಆಗಲೇ ಗುಜರಿಗೆ ಹೋಗಿತ್ತು. ಇನ್ನೊಮ್ಮೆ ಹಿಡಿಯೋಣ ಅನ್ನುವ ಹಾಗಿರಲಿಲ್ಲ.

ಡ್ರಮ್ಮರ್ ಚಪ್ಪಲಿ ಹಾಕಿಕೊಂಡು ಹೋಗಿಬಿಟ್ಟ. ಬೇಸ್ ಹುಡುಗ ಮೆಟ್ಟಿಲ ಮೇಲೆ ಒಂದು ಮಾತು ಹೇಳಿದ. 1969ರಲ್ಲಿ ಕಿಂಗ್ ಕ್ರಿಮ್ಸನ್ ಅನ್ನುವ ಇಂಗ್ಲೆಂಡಿನ ರಾಕ್ ತಂಡದವರು ಮೊದಲ ಆಲ್ಬಮ್ಮನ್ನು ಹೆಸರುವಾಸಿ ನಿರ್ಮಾಪಕರೊಬ್ಬರ ಜೊತೆ ಶುರು ಮಾಡಿ, ಹೊಂದದೆ, ಲಂಡನ್ನಿನ ವೆಸೆಕ್ಸ್ ಸ್ಟುಡಿಯೊದಲ್ಲಿ ತಾವೇ ನಿರ್ಮಾಪಕರಾಗಿ ಮುಗಿಸಿದರಂತೆ. ಐದೇ ಹಾಡು, 44 ನಿಮಿಷ. ಯಾಕೆ ಹೇಳುತ್ತಿದ್ದಾನೆ ಅಂತ ನನಗೆ ತಿಳಿಯಿತು. ಬಿಟ್ಟು ಹೋಗುವುದಾದರೆ ಹೋಗಿ, ಇದ್ದ ಫೈಲೆಲ್ಲ ಕೊಡುತ್ತೇನೆ ಅಂದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮ್ಮ ಜಿಲ್ಲೆಯದೇ. ಈ ಊರಲ್ಲಿ ಸಂಗೀತದ ಬೈಠಕ್ಕುಗಳಿಗೆ ಕೊರತೆಯಿಲ್ಲ, ಎಷ್ಟೋ ನಾನೇ ರೆಕಾರ್ಡ್ ಮಾಡಿದ್ದೇನೆ. ನಿಧಾನದ ವಿಲಂಬಿತದಲ್ಲಿ ಶುರುವಾದದ್ದು ವೇಗದ ದ್ರುತಕ್ಕೆ ಬಂದು ನಿಲ್ಲುವವರೆಗೆ ಲಯ ಏರುತ್ತಲೇ ಇರುತ್ತದೆ. ಒಂದಕ್ಕೂ ನಾನು ಗ್ರಿಡ್ ಹಾಕಿಲ್ಲ, ಹಾಕಬೇಕು ಅಂತ ತೋಚಿಯೂ ಇಲ್ಲ. ಗಿಟಾರು, ಡ್ರಮ್ಮು ಕಂಡ ಕೂಡಲೇ ಯಾಕೆ ಕೈ ಕ್ವಾಂಟೈಸ್ ಕಡೆಗೆ ಹೋಯಿತು? ಹುಡುಗರು ಅನ್ನುವ ಕಾರಣಕ್ಕೆ. ಪಂಡಿತರ ಲಯ ಬದಲಾದರೆ ಕಲೆ, 22ರ ಹುಡುಗನ ಲಯ ಬದಲಾದರೆ ತಪ್ಪು ಅಂತ ನನ್ನ ತಲೆಯಲ್ಲಿ ಕೂತಿತ್ತು. ಡಿಸ್ಕ್ ಕೊಡಿಸದ ಮಾಲೀಕರ ಮೇಲೆ ನನಗೆ ಸಿಟ್ಟಿದೆ, ಇರುತ್ತದೆ. ಆದರೆ ಇದಕ್ಕೂ ಡಿಸ್ಕಿಗೂ ಸಂಬಂಧವಿಲ್ಲ.

ಉಳಿದಿದ್ದ ಒಂದೇ ಆಸೆ ಮಗ್ಗದ ಸದ್ದು ಹಿಡಿದಿದ್ದ ಆ ಸಣ್ಣ ರೆಕಾರ್ಡರಿನ ಕಾರ್ಡ್. ರೆಕಾರ್ಡರ್ ಖಾನಾಪುರಕ್ಕೆ ಯಾವುದೋ ಕಾರ್ಯಕ್ರಮಕ್ಕೆ ಹೋಗಿತ್ತು. ಒಯ್ದವರು ಕಾರ್ಡ್ ಫಾರ್ಮ್ಯಾಟ್ ಮಾಡಿದ್ದರೆ ಮುಗಿಯಿತು. ಎರಡು ದಿನ ಅವರ ಫೋನ್ ಹತ್ತಲಿಲ್ಲ. ಮಂಗಳವಾರ ಸಂಜೆ ಅದು ವಾಪಸ್ ಬಂದಾಗ ನಡುಗುವ ಕೈಯಲ್ಲಿ ಕಾರ್ಡ್ ಹಾಕಿದೆ. ಮಗ್ಗದ ಫೈಲ್ ಇತ್ತು, ಪೂರ್ತಿ ಇತ್ತು. ಡ್ರಮ್ಮರಿಗೆ ಫೋನ್ ಮಾಡಿ ಸ್ಪೀಕರ್ ಹತ್ತಿರ ಹಿಡಿದೆ. ಅವನು ಪೂರ್ತಿ ಕೇಳಿ, "ಗುರುವಾರ ಬರ್ತೀವ್ರಿ" ಅಂದ.

ಎರಡು ದಿನದ ಸ್ಲಾಟಿನ ದುಡ್ಡು ನಾನೇ ಕಟ್ಟಿದೆ. ಈ ಸಲ ಮೊದಲು ಏಳೂ ಡೆಮೊಗಳನ್ನು ತುದಿಯಿಂದ ತುದಿಗೆ ಕೇಳಿದೆ. ಹೊಸ ಟೇಕ್ ಚೆನ್ನಾಗಿದೆ, ಆಲ್ಬಮ್ಮಿನಲ್ಲಿರುವುದು ಅದೇ. ಆದರೆ ಹಳೆಯದರಲ್ಲಿ ಮಗ್ಗ ನಿಲ್ಲುವ ಮುಂಚಿನ ಕೊನೆಯ ಪೆಟ್ಟಿಗೆ ಡ್ರಮ್ಮರ್ ಸ್ನೇರ್ ಡ್ರಮ್ಮಿನ ಮೇಲೆ ಕಡ್ಡಿಯನ್ನು ಬಿಟ್ಟೂ ಬಿಡದ ಹಾಗೆ ಇಟ್ಟಿದ್ದ. ಹೊಸದರಲ್ಲಿ ಅದು ಬರಲಿಲ್ಲ. ಹದಿನಾಲ್ಕು ಸಲ ಪ್ರಯತ್ನಿಸಿದ, ಆಮೇಲೆ ಅವನೇ ಸಾಕು ಅಂದ. ಅದನ್ನು ಕೇಳಿಸಿಕೊಂಡವನು ನಾನೊಬ್ಬನೇ, ಅದೂ ಕತ್ತರಿಸುವಾಗ.

ಫೈನಲ್ ಮಿಕ್ಸ್ ಕೇಳಿಸಲು ಹುಡುಗ ಅಪ್ಪನನ್ನು ಕರೆದುಕೊಂಡು ಬಂದ. ಬಿಳಿ ಟೋಪಿ, ಕೈ ಮಡಿಚಿ ಸೋಫಾದ ತುದಿಗೆ ಕೂತರು. ಗಿಟಾರು, ಕೂಗಾಟ ಎಲ್ಲ ಸುಮ್ಮನೆ ಕೇಳಿದರು. ಆರನೇ ನಿಮಿಷದಲ್ಲಿ ಮಗ್ಗ ಎಳೆಯತೊಡಗಿದಾಗ ಅವರ ಹುಬ್ಬು ಗಂಟಿಕ್ಕಿತು. ಮಗ್ಗ ನಿಂತಿತು. ಸ್ಪೀಕರಿನಲ್ಲಿ ಅವರದೇ ದನಿ "ಹೋತ್ ನೋಡ" ಅಂತು. ಅವರು ತಲೆಯೆತ್ತಿ ನಮ್ಮ ಸ್ಟುಡಿಯೊದ ಟ್ಯೂಬ್‌ಲೈಟ್ ನೋಡಿದರು.