ಕೈಲ್‌ಪೊಳ್ದ್‌ಗೆ ಬಾರದ ಪಿಸ್ತೂಲು

ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊಡವರು ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದಂದು ನಮ್ಮ ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲಮನೆಯಲ್ಲಿ, ಕೋವಿಗಳನ್ನು ಸಾಲಾಗಿ ಇರಿಸಿ, ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುವಾಗ, ಸೇನೆಯಲ್ಲಿ ಆಯುಧಗಳನ್ನು ದುರಸ್ತಿ ಮಾಡುವ ಆರ್ಮರರ್ ಆಗಿ ನಿವೃತ್ತರಾದ ನನ್ನ ಸೋದರಮಾವ ಪ್ರತಿ ವರ್ಷವೂ ಒಂದೇ ಮಾತು ಹೇಳುತ್ತಾರೆ: ತಾವು ಅತಿ ಹೆಚ್ಚು ಸಲ ಬಿಚ್ಚಿ ಜೋಡಿಸಿದ ಆಯುಧ ಈ ಸಾಲಿನಲ್ಲಿ ಇಲ್ಲವೆಂದು. ಅವರ ಮನಸ್ಸಿನಲ್ಲಿರುವುದು ಪಶ್ಚಿಮ ಬಂಗಾಳದ ಇಷಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾದ 9 ಎಂ.ಎಂ. ಪಿಸ್ತೂಲು. ಅದರ ಮೂಲ ಬ್ರೌನಿಂಗ್ ಹೈ ಪವರ್.

ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಮೋಸೆಸ್ ಬ್ರೌನಿಂಗ್ ಬೆಲ್ಜಿಯಂನ ಎಫ್‌ಎನ್ ಆಯುಧ ಕಾರ್ಖಾನೆಗಾಗಿ ಇದರ ಕೆಲಸ ಆರಂಭಿಸಿದಾಗ, ತಮ್ಮದೇ 1911ರ ಪಿಸ್ತೂಲಿನ ಹಕ್ಕುಗಳು ಕೋಲ್ಟ್ ಕಂಪನಿಯ ಬಳಿ ಇದ್ದುದರಿಂದ ತಮ್ಮ ಉಪಾಯಗಳಿಂದ ತಾವೇ ದೂರ ಸರಿದು ಯೋಚಿಸಬೇಕಾಯಿತು. ಇಂತಹ ಸಂಕಟ ಎಷ್ಟು ಶಿಲ್ಪಿಗಳಿಗೆ ಬಂದೀತು! 1926ರಲ್ಲಿ ಅವರು ಲೀಜ್‌ನಲ್ಲಿ ತೀರಿಕೊಂಡ ಮೇಲೆ ಎಫ್‌ಎನ್‌ನ ವಿನ್ಯಾಸಕ ದ್ಯೂದೊನೆ ಸೇವ್ ಕೆಲಸವನ್ನು ಪೂರ್ಣಗೊಳಿಸಿದರು. 1935ರಲ್ಲಿ ಬೆಲ್ಜಿಯಂ ಸೇನೆ ಅದನ್ನು ಅಂಗೀಕರಿಸಿತು.

ಸೇವ್ ಅವರ ನಿಜವಾದ ಕೊಡುಗೆ ಮ್ಯಾಗಝಿನ್, ಅಂದರೆ ಹಿಡಿಯೊಳಗೆ ಕೂರುವ ತೋಟಾಗಳ ಡಬ್ಬಿ. ಸಮಕಾಲೀನ ಪಿಸ್ತೂಲುಗಳಲ್ಲಿ ಹೆಚ್ಚಿನವು ಏಳೆಂಟು ತೋಟಾಗಳನ್ನು ಒಂದೇ ಸಾಲಿನಲ್ಲಿ ಹಿಡಿಯುತ್ತಿದ್ದಾಗ, ಅವರು ತೋಟಾಗಳನ್ನು ಎರಡು ಸಾಲಿನಲ್ಲಿ ಓರೆಕೋರೆಯಾಗಿ ಕೂರಿಸಿ, ತುದಿಯಲ್ಲಿ ಮಾತ್ರ ಒಂದೇ ಸಾಲಿಗೆ ಇಳಿಸಿ, ಹಿಡಿಯ ದಪ್ಪವನ್ನು ಹೆಚ್ಚು ಬೆಳೆಸದೆ 13 ತೋಟಾಗಳಿಗೆ ಜಾಗ ಮಾಡಿದರು. ನಳಿಗೆಯ ವಿಷಯವೂ ಹಾಗೆಯೇ: 1911ರ ಪಿಸ್ತೂಲಿನಲ್ಲಿ ಗುಂಡು ಹಾರಿದ ಮೇಲೆ ಅದನ್ನು ಕೆಳಗಿಳಿಸಲು ತೂಗಾಡುವ ಕೊಂಡಿಯೊಂದು ಬೇಕಿತ್ತು, ಇಲ್ಲಿ ನಳಿಗೆಯಡಿಯ ಓರೆ ಕೊರೆತವೇ ಆ ಕೆಲಸ ಮಾಡುತ್ತದೆ. ಇಂದಿನ ಗ್ಲಾಕ್ ಪಿಸ್ತೂಲನ್ನು ಬಿಚ್ಚಿ ನೋಡಿದರೂ ಎರಡು ಸಾಲಿನ ಮ್ಯಾಗಝಿನ್ನೂ ಓರೆಯ ಮೇಲೆ ಇಳಿಯುವ ನಳಿಗೆಯೂ ಕಣ್ಣಿಗೆ ಬೀಳುತ್ತವೆ. ನನ್ನ ದೃಷ್ಟಿಯಲ್ಲಿ ಈ ಪಿಸ್ತೂಲಿನ ಪರಂಪರೆ ಅದು ಕಂಡ ಯುದ್ಧಗಳಿಗಿಂತ ಹೆಚ್ಚಾಗಿ ಈ ಎರಡು ಭಾಗಗಳಲ್ಲಿದೆ.

ಯುದ್ಧದ ಕಥೆಯೂ ಸಣ್ಣದೇನಲ್ಲ. 1940ರಲ್ಲಿ ಜರ್ಮನರು ಬೆಲ್ಜಿಯಂ ಹಿಡಿದಾಗ ಅದೇ ಕಾರ್ಖಾನೆ ಅವರಿಗಾಗಿ ಪಿಸ್ತೂಲು ತಯಾರಿಸಿತು. ಇತ್ತ ಕೆನಡಾದ ಟೊರಾಂಟೋದಲ್ಲಿ ಜಾನ್ ಇಂಗ್ಲಿಸ್ ಕಂಪನಿ 1944ರಿಂದ ಮಿತ್ರಪಡೆಗಳಿಗಾಗಿ ಅದನ್ನೇ ಮಾಡತೊಡಗಿತು. ಎರಡೂ ಪಕ್ಷಗಳ ಸೊಂಟದಲ್ಲಿ ಒಂದೇ ಪಿಸ್ತೂಲು!

ಮಾವ ಅದನ್ನು ಕುರುಡಾಗಿ ಹೊಗಳುವವರಲ್ಲ. ಮ್ಯಾಗಝಿನ್ ತೆಗೆದರೆ ಗುಂಡು ಹಾರದಂತೆ ಮಾಡಿದ ಏರ್ಪಾಡು ಟ್ರಿಗರ್‌ನ ಎಳೆತವನ್ನು ಒರಟಾಗಿಸಿತೆಂದು ಅವರಿಗೆ ಇಂದಿಗೂ ಅಸಮಾಧಾನವಿದೆ. ಹಿಂದಕ್ಕೆ ಜಾರುವ ಸ್ಲೈಡಿನ ಜೊತೆ ಹ್ಯಾಮರ್ ಬಂದು ಹೆಬ್ಬೆರಳಿನ ಬುಡದ ಚರ್ಮವನ್ನು ಚಿವುಟುವುದೂ ಅವರಿಗೆ ಗೊತ್ತು. ಬ್ರಿಟಿಷ್ ಸೇನೆ 2013ರಿಂದ ಇದರ ಸ್ಥಾನದಲ್ಲಿ ಗ್ಲಾಕ್ ತಂದ ಸುದ್ದಿಯನ್ನು ಓದಿದಾಗ ಅವರು ಬೇಸರಿಸಲಿಲ್ಲ, ಇನ್ನು ಆರ್ಮರರ್‌ಗಳಿಗೆ ಕೆಲಸ ಕಡಿಮೆಯಾಯಿತು ಎಂದರು, ಅಷ್ಟೆ.

ಕೋವಿಯ ವಿಷಯದಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿ ಇದೆ. ಹುಟ್ಟಿಗೂ ಸಾವಿಗೂ ನಮ್ಮಲ್ಲಿ ಕೋವಿಯ ಸದ್ದೇ ಸಾಕ್ಷಿ. ಆದರೆ ಸೇನೆಯ ಪಿಸ್ತೂಲು ಸರ್ಕಾರದ್ದು. ಪ್ರತಿ ಸಂಜೆ ಎಣಿಸಿ ಕೋತ್ ಎಂಬ ಆಯುಧ ಕೋಣೆಯೊಳಗೆ ಇಟ್ಟು ಬರುತ್ತಿದ್ದ ಅದಕ್ಕೆ ಮಾವ ಕೊನೆಯ ದಿನವೂ ಎಣ್ಣೆ ಒರೆಸಿ, ವಹಿಯಲ್ಲಿ ಸಹಿ ಹಾಕಿ ಬಂದರಂತೆ. ಈ ಸಲ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಸರದಿ ಬಂದಾಗ ಅವರು ಅಜ್ಜನ ಕಾಲದ ಕೋವಿಯನ್ನೇ ಎತ್ತಿಕೊಂಡರು.