ಫೋನೇ ಜಾಗ ತೋರಿಸುತ್ತಲ್ಲ, ಹುಡುಕೋದೇನು?

ಯಾರೋ ಬಚ್ಚಿಟ್ಟ ಡಬ್ಬಿಯನ್ನು ಅಕ್ಷಾಂಶ-ರೇಖಾಂಶ ಹಿಡಿದು ಹುಡುಕಿ, ಒಳಗಿನ ಕಾಗದದಲ್ಲಿ ಹೆಸರು ಬರೆದು, ಅಲ್ಲೇ ಇಟ್ಟು ಬರುವ ಆಟ ಜಿಯೋಕ್ಯಾಶಿಂಗ್. ಇಷ್ಟು ಹೇಳುವಷ್ಟರಲ್ಲೇ ಮೇಲಿನ ಪ್ರಶ್ನೆ ಬರುತ್ತದೆ. ಫೋನು ಜಾಗ ತೋರಿಸುವುದಿಲ್ಲ ಸ್ವಾಮಿ, ಜಾಗದ ಆಸುಪಾಸು ತೋರಿಸುತ್ತದೆ. ಕಣಿವೆಯಲ್ಲಿ ಅದೂ ಅನುಮಾನ.

ಇಂಗ್ಲೆಂಡಿನ ಡವ್‌ಡೇಲ್ ಕಣಿವೆ ನೋಡಿ. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದ ಪೀಕ್ ಡಿಸ್ಟ್ರಿಕ್ಟ್‌ನ ದಕ್ಷಿಣ ಭಾಗದಲ್ಲಿದೆ. ಡವ್ ನದಿಯ ಎರಡೂ ಕಡೆ ಸುಣ್ಣಕಲ್ಲಿನ ಕಡಿದಾದ ಬಂಡೆ, ಮೇಲೆ ಮರಗಳ ಮುಚ್ಚಿಗೆ. ಬಯಲಲ್ಲಿ ಸುಮಾರು 5 ಮೀಟರ್ ಆಚೀಚೆ ಇರುವ ಜಿಪಿಎಸ್ ಇಲ್ಲಿ ಹತ್ತಾರು ಮೀಟರ್ ತಪ್ಪಬಹುದು. ಉಪಗ್ರಹದ ಸಂಕೇತ ಬಂಡೆಗೆ ಬಡಿದು ಬಳಸಿ ಬರುತ್ತದೆ. ಆ ತಡವನ್ನು ಫೋನು ದೂರವೆಂದು ಲೆಕ್ಕ ಹಾಕುತ್ತದೆ. ಡಬ್ಬಿ ಇಟ್ಟವರ ಫೋನಿಗೂ ಇದೇ ಗತಿ.

ಫೋನಿನ ಬಾಣ '40 ಮೀಟರ್' ಎಂದು ಆಚೆ ದಡ ತೋರಿಸಿತೆನ್ನಿ. ಮಿಲ್‌ಡೇಲ್ ಹಳ್ಳಿಗೆ ಹೋಗುವ ಕಾಲುದಾರಿ ಇರುವುದು ಪೂರ್ವದ ಡರ್ಬಿಶೈರ್ ದಡದಲ್ಲಿ. ದಾಟಬೇಕಾದರೆ ಥಾರ್ಪ್ ಕ್ಲೌಡ್ ಗುಡ್ಡದ ಬುಡದಲ್ಲಿರುವ ಸಾಲುಗಲ್ಲುಗಳಿಗೋ ಐಲಮ್ ರಾಕ್ ಬಳಿಯ ಕಾಲುಸೇತುವೆಗೋ ನಡೆಯಬೇಕು. ಹೊಳೆ ಏರಿದರೆ ಸಾಲುಗಲ್ಲು ನೀರಿನಡಿ. ಆದ್ದರಿಂದ ಹೊರಡುವ ಮೊದಲೇ ನಕ್ಷೆಯಲ್ಲಿ ಡಬ್ಬಿ ಯಾವ ದಡದಲ್ಲಿದೆ ನೋಡಿಕೊಳ್ಳಿ; ನಕ್ಷೆಯನ್ನು ಫೋನಿಗೆ ಇಳಿಸಿಕೊಂಡೂ ಇರಿ.

ಅಂಕಿ ಹೊಡೆಯುವಾಗಲೂ ಎಚ್ಚರ ಬೇಕು. 53° 03.500' ಎಂದರೆ 53 ಡಿಗ್ರಿ, ಮೂರೂವರೆ ಮಿನಿಟು; ಡಿಗ್ರಿಗೆ ಅರವತ್ತು ಮಿನಿಟು. ಅದನ್ನು 53.035 ಡಿಗ್ರಿ ಎಂದು ಹಾಕಿದರೆ ಎರಡೂವರೆ ಕಿಲೋಮೀಟರ್ ದಕ್ಷಿಣಕ್ಕೆ ಹೋಗುತ್ತೀರಿ. ಕರ್ನಾಟಕದಿಂದ ಹೋದವರಿಗೆ ಪೂರ್ವ ರೇಖಾಂಶವೇ ರೂಢಿ. ಅಲ್ಲಿ ಪಶ್ಚಿಮ ಎಂದು ಬದಲಿಸದಿದ್ದರೆ ಗುರುತು ಉತ್ತರ ಸಮುದ್ರದಲ್ಲಿ ಬೀಳುತ್ತದೆ.

ಇಪ್ಪತ್ತು ಮೀಟರ್ ಉಳಿದಾಗ ನಿಂತು, ಅಂಕಿ ಸ್ಥಿರವಾಗಲು ಒಂದೆರಡು ನಿಮಿಷ ಬಿಡಿ. ಬೇರೆ ಎರಡು ಕಡೆಯಿಂದಲೂ ದಿಕ್ಕು ನೋಡಿ, ಗೆರೆಗಳು ಕೂಡುವ ಜಾಗ ಗುರುತಿಟ್ಟುಕೊಳ್ಳಿ. ಆಮೇಲೆ ಫೋನು ಜೇಬಿಗೆ, ಕೆಲಸ ಕಣ್ಣಿಗೆ. ಮರದ ಬುಡದಲ್ಲಿ ಒಂದೇ ದಿಕ್ಕಿಗೆ ಜೋಡಿಸಿದಂತೆ ಬಿದ್ದ ಕಡ್ಡಿಗಳು, ಹಾವಸೆ ಮೇಲ್ಮುಖವಾಗಿರದ ಕಲ್ಲು: ಪ್ರಕೃತಿ ಹೀಗೆ ಒಪ್ಪವಾಗಿಡುವುದಿಲ್ಲ. ಗಾರೆಯಿಲ್ಲದ ಕಲ್ಲುಗೋಡೆಯಿಂದ ಮಾತ್ರ ಒಂದು ಕಲ್ಲನ್ನೂ ಎಳೆಯಬೇಡಿ. ಒಂದು ಸಡಿಲವಾದರೆ ಆ ಮಗ್ಗುಲೇ ಜರಿಯುತ್ತದೆ.

ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ, ಅದನ್ನು ಯಾರೂ ಕೇಳುವುದಿಲ್ಲ: ಸಿಕ್ಕ ಮೇಲೆ ಹೇಗೆ ಮುಚ್ಚಿಡಬೇಕು? ಡಬ್ಬಿಗಳು ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಕಾಗದದ ಒಂದು ಮೂಲೆ ಮುಚ್ಚಳಕ್ಕೂ ರಬ್ಬರ್ ಉಂಗುರಕ್ಕೂ ನಡುವೆ ಸಿಕ್ಕಿಕೊಂಡರೆ ಸಾಕು, ಬತ್ತಿಯ ಹಾಗೆ ನೀರನ್ನು ಒಳಗೆಳೆಯುತ್ತದೆ. ಸ್ವಲ್ಪ ದಿನದಲ್ಲೇ ಕಾಗದವೆಲ್ಲ ಮುದ್ದೆ. ಪೆನ್ಸಿಲ್ಲಿನಲ್ಲಿ ಬರೆಯಿರಿ, ತೇವದ ಕಾಗದದ ಮೇಲೆ ಬಾಲ್‌ಪೆನ್ ಓಡುವುದಿಲ್ಲ. ಕಾಗದ ಬಿಗಿಯಾಗಿ ಸುತ್ತಿ, ಜಿಪ್ ಚೀಲದ ಗಾಳಿ ತೆಗೆದು, ಉಂಗುರದ ತೋಡಿನ ಮರಳನ್ನು ಒಣಬಟ್ಟೆಯಲ್ಲಿ ಒರೆಸಿ, ಮುಚ್ಚಳದ ನಾಲ್ಕೂ ಕೊಂಡಿ ಹಾಕಿ. ತಿನ್ನುವ ವಸ್ತು ಒಳಗಿಡಬೇಡಿ, ಇಲಿ ಪ್ಲಾಸ್ಟಿಕ್ ಕಡಿಯುತ್ತದೆ. ನಿಮಗೆ ಇನ್ನೂ ಒಳ್ಳೆಯ ಸಂದು ಕಂಡರೂ ಸಿಕ್ಕ ಜಾಗದಲ್ಲೇ ಇಡಿ. ಒಳಗೆ ಒದ್ದೆಯಿದ್ದರೆ ಆಟದ ಆ್ಯಪ್‌ನಲ್ಲಿ ಅಂದೇ ಬರೆಯಿರಿ, ಇಟ್ಟವರು ಬಂದು ಸರಿಮಾಡಲಿ.