ಇಟಾಲಿಯನ್ ಕ್ರಿಯಾಪದಗಳ ನೋಟ್‌ಬುಕ್: ಏಳು ವಾರಗಳ ಲೆಕ್ಕ

ಇಟಲಿಯ ತೊರೀನೊಗೆ ಬಂದು ಮೂರು ವರ್ಷವಾಯಿತು. ದೀರ್ಘಾವಧಿ ವಾಸದ ಪರವಾನಗಿಗೆ ಬೇಕಾದ ಎ2 ಮಟ್ಟದ ಇಟಾಲಿಯನ್ ಭಾಷಾ ಪರೀಕ್ಷೆ ಹೋದ ವರ್ಷವೇ ಮುಗಿಯಿತು. ಅಂಗಡಿ, ಬಸ್ಸು, ಡಾಕ್ಟರು ಇಷ್ಟಕ್ಕೆ ಬೇಕಾದ ಮಾತು ಬರುತ್ತದೆ. ಆದರೆ ಬಾಯಿಗೆ ಬರುತ್ತಿದ್ದದ್ದು ವರ್ತಮಾನ ಕಾಲ ಒಂದೇ. ನಿನ್ನೆಯದನ್ನೂ ನಾಳೆಯದನ್ನೂ ಅದರಲ್ಲೇ ಹೇಳುತ್ತಿದ್ದೆ. ಹಾಗಾಗಿ ಜನವರಿಯಲ್ಲಿ ಒಂದು ಚೌಕುಳಿ ಗೆರೆಯ ನೋಟ್‌ಬುಕ್ ತಂದು, ನಿಯಮಬದ್ಧ ಕ್ರಿಯಾಪದಗಳನ್ನಾದರೂ ಎಲ್ಲ ಕಾಲ, ಎಲ್ಲ ಅರ್ಥಗಳಲ್ಲಿ (ವಿಧ್ಯರ್ಥ, ಸಂಭಾವನಾರ್ಥ ಅನ್ನುತ್ತೇವಲ್ಲ, ಅಂಥವು) ಪೂರ್ತಿ ಬರೆದು ಕಲಿಯಬೇಕು ಅಂತ ಕೂತೆ.

ಒಂದನೇ ವಾರ

ಮೊದಲು ಕೆಲಸ ಎಷ್ಟಿದೆ ಅಂತ ಲೆಕ್ಕ ಹಾಕಿದೆ. ಧಾತುಗಳ ಗುಂಪು ಮೂರು: -ಆರೆ, -ಎರೆ, -ಇರೆ ಅಂತ ಕೊನೆಯಾಗುವವು. ಮೂರನೆಯದರಲ್ಲಿ ಒಂದು ಒಳಗುಂಪು ಇದೆ. ಅರ್ಥಗಳು, ಅಂದರೆ ಇವರು 'ಮೋದೊ' ಅನ್ನುವುದು, ಏಳು. ಎಲ್ಲ ಸೇರಿ 21 ಕಾಲರೂಪಗಳು. ಸಹಾಯಕ ಕ್ರಿಯಾಪದ ಸೇರುವ ಸಂಯುಕ್ತ ರೂಪಗಳನ್ನು ಬಿಟ್ಟರೆ, ಆರು ಪುರುಷಗಳಲ್ಲೂ ನಡೆಯುವ ಕಾಲಗಳು ಏಳು. ಒಂದು ಕ್ರಿಯಾಪದಕ್ಕೆ 42 ರೂಪ. ಮಾದರಿಗೆ ನಾಲ್ಕು ಆರಿಸಿಕೊಂಡೆ: ಪರ್ಲಾರೆ (ಮಾತಾಡು), ಕ್ರೇದೆರೆ (ನಂಬು), ದೊರ್ಮೀರೆ (ಮಲಗು, ನಿದ್ರಿಸು), ಫಿನೀರೆ (ಮುಗಿಸು). ಒಟ್ಟು 168 ರೂಪ.

ಆ ಸಂಖ್ಯೆ ನೋಡಿ ಹೆದರಿಕೆಯಾಗಲಿಲ್ಲ. ಕನ್ನಡದ ಕ್ರಿಯಾಪದವೂ ಹೀಗೇ ಅಲ್ಲವೇ? 'ಮಾತಾಡುತ್ತೇನೆ' ಅಂದರೆ 'ನಾನು' ಅಂತ ಹೇಳಬೇಕಾಗಿಲ್ಲ, ಆಖ್ಯಾತ ಪ್ರತ್ಯಯವೇ ಹೇಳುತ್ತದೆ. ಇಟಾಲಿಯನ್ನಿನಲ್ಲೂ 'ಪರ್ಲೊ' ಅಂದರೆ ಸಾಕು, 'ನಾನು' ಅದರೊಳಗೇ ಇದೆ. ಇಂಗ್ಲಿಷಿನ ಮೂಲಕ ಕಲಿಯುವಾಗ ಈ ವಿಷಯವನ್ನು ದೊಡ್ಡದಾಗಿ ವಿವರಿಸುತ್ತಾರೆ. ನನಗೆ ಅದು ಮನೆಯ ಮಾತಿನಂತೆ ಕೇಳಿತು.

ಎರಡನೇ ವಾರ

ಈ ವಾರ ಮಾಡಿದ ಒಂದು ಬದಲಾವಣೆಯಿಂದ ಮುಂದಿನ ದಾರಿಯೇ ಬದಲಾಯಿತು. ರೋಮನ್ ಅಕ್ಷರ ಬಿಟ್ಟು ಕೋಷ್ಟಕಗಳನ್ನು ಕನ್ನಡ ಲಿಪಿಯಲ್ಲಿ ಬರೆಯಲು ಶುರುಮಾಡಿದೆ.

ಕಾರಣ 'ಚೆರ್ಕಾರೆ', ಹುಡುಕು ಅನ್ನುವ ಪದ. ಇದರ 'ನೀನು' ರೂಪದಲ್ಲಿ, 'ನಾವು' ರೂಪದಲ್ಲಿ, ಭವಿಷ್ಯತ್ತಿನಲ್ಲಿ ಎಲ್ಲ ಕಡೆ ಎಚ್ ಅಕ್ಷರ ಬಂದು ಸೇರಿಕೊಳ್ಳುತ್ತದೆ. 'ಮಂಜಾರೆ', ತಿನ್ನು ಅನ್ನುವುದರಲ್ಲಿ ಇದಕ್ಕೆ ತದ್ವಿರುದ್ಧವಾಗಿ ಐ ಅಕ್ಷರ ಮಾಯವಾಗುತ್ತದೆ. ಪುಸ್ತಕಗಳು ಇವನ್ನು ಪ್ರತ್ಯೇಕ ನಿಯಮಗಳಾಗಿ ಕೊಡುತ್ತವೆ, ನಾನೂ ಹಾಗೇ ಉರು ಹೊಡೆದಿದ್ದೆ. ಕನ್ನಡದಲ್ಲಿ ಬರೆದು ನೋಡಿದೆ: ಚೆರ್ಕೊ, ಚೆರ್ಕಿ, ಚೆರ್ಕ, ಚೆರ್ಕ್ಯಾಮೊ, ಚೆರ್ಕಾತೆ, ಚೆರ್ಕನೊ. ಭವಿಷ್ಯತ್ತು ಚೆರ್ಕೆರೊ. ಮಂಜೊ, ಮಂಜಿ, ಮಂಜ, ಮಂಜಾಮೊ, ಭವಿಷ್ಯತ್ತು ಮಂಜೆರೊ. ಎಲ್ಲಿದೆ ವ್ಯತ್ಯಾಸ? 'ಕ' ಎಲ್ಲ ಕಡೆ 'ಕ'ವೇ, 'ಜ' ಎಲ್ಲ ಕಡೆ 'ಜ'ವೇ. ಬದಲಾಗುತ್ತಿದ್ದದ್ದು ರೋಮನ್ ಲಿಪಿಯ ಕಾಗುಣಿತ ಮಾತ್ರ, ಕ್ರಿಯಾಪದ ಅಲ್ಲ. ಎರಡು ಪುಟದ ನಿಯಮ ಒಂದು ಸಾಲಿನಲ್ಲಿ ಕರಗಿಹೋಯಿತು.

ನಮ್ಮ ಅಕ್ಷರಗಳು ಈ ಭಾಷೆಗೆ ಎಷ್ಟು ಚೆನ್ನಾಗಿ ಹೊಂದುತ್ತವೆ ಅಂತ ಹೇಳಲೇಬೇಕು. ಇಟಾಲಿಯನ್ ಕ, ತ, ಪ ನಮ್ಮ ಅಲ್ಪಪ್ರಾಣದಂತೆಯೇ. ತ, ದ ಹಲ್ಲಿಗೆ ನಾಲಗೆ ತಾಗಿಯೇ ಹುಟ್ಟುತ್ತವೆ, ಅಭ್ಯಾಸಬಲದಿಂದ ಟ, ಡ ಅಂದರೆ ತಪ್ಪು. ಹ್ರಸ್ವ ಎ, ಹ್ರಸ್ವ ಒ ನಮ್ಮಲ್ಲಿವೆ.

ಮೂರನೇ ವಾರ

ಫಿನೀರೆ. -ಇರೆ ಗುಂಪಿನ ಹೆಚ್ಚಿನ ಪದಗಳು ಇದರ ಹಾಗೇ ನಡೆಯುತ್ತವೆ: ಧಾತುವಿಗೂ ಪ್ರತ್ಯಯಕ್ಕೂ ನಡುವೆ 'ಇಸ್ಕ್' ಅನ್ನುವ ತುಂಡು ಬರುತ್ತದೆ. ಫಿನಿಸ್ಕೊ, ಫಿನಿಶ್ಶಿ, ಫಿನಿಶ್ಶೆ, ಫಿನ್ಯಾಮೊ, ಫಿನೀತೆ, ಫಿನಿಸ್ಕೊನೊ. ನಾವು, ನೀವು ರೂಪಗಳಲ್ಲಿ ಅದು ಇಲ್ಲ. ಯಾಕಿಲ್ಲ ಅಂತ ತಿಳಿಯಲು ಒತ್ತು ಎಲ್ಲಿ ಬೀಳುತ್ತದೆ ಅಂತ ನೋಡಬೇಕು. 'ಇಸ್ಕ್' ಬಂದ ಕಡೆ ಒತ್ತು ಅದರ ಮೇಲೆ. ಬರದ ಕಡೆ ಒತ್ತು ಪ್ರತ್ಯಯದ ಮೇಲೆ. ಹೀಗೆ ಆರೂ ರೂಪಗಳಲ್ಲಿ ಧಾತುವಿನ ಮೇಲೆ ಒತ್ತು ಬೀಳುವುದೇ ಇಲ್ಲ.

ಒತ್ತು ಅಂದರೆ ಇಲ್ಲಿ ಒತ್ತಕ್ಷರವಲ್ಲ, ಉಚ್ಚಾರದಲ್ಲಿ ಒಂದು ಅಕ್ಷರವನ್ನು ಎತ್ತಿ ಹೇಳುವುದು. ಕನ್ನಡದಲ್ಲಿ ಇದರಿಂದ ಅರ್ಥ ಬದಲಾಗುವುದಿಲ್ಲ, ಹಾಗಾಗಿ ನನ್ನ ಕಿವಿಗೆ ಅದು ಬೀಳುತ್ತಲೇ ಇರಲಿಲ್ಲ. ಕೆಳಗಿನ ಮನೆಯ ಅಜ್ಜಿಗೆ ನನ್ನ ತಂದೆತಾಯಿ ಭಾರತದಲ್ಲಿದ್ದಾರೆ ಅಂತ ಹೇಳುವಾಗ 'ಅಬಿತಾನೊ' ಅಂದೆ. ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ನಿಧಾನವಾಗಿ 'ಆಬಿತನೊ' ಅಂತ ತಿದ್ದಿದರು. ಒತ್ತು ಕೊನೆಯಿಂದ ನಾಲ್ಕನೇ ಅಕ್ಷರದ ಮೇಲೆ! 'ಅವರು' ರೂಪದಲ್ಲಿ ಒತ್ತು ಮುಂದಕ್ಕೆ ಸರಿಯುವುದಿಲ್ಲ, 'ನಾನು' ರೂಪದಲ್ಲಿ ಎಲ್ಲಿತ್ತೋ ಅಲ್ಲೇ ಇರುತ್ತದೆ. ಆಬಿತೊ, ಆಬಿತನೊ.

ನಾಲ್ಕನೇ ವಾರ

ಅಜ್ಜಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುವಾಗ ಕೈ ತಾನಾಗಿ ದೀರ್ಘ ಹಾಕಿತ್ತು. ಅದನ್ನೇ ನೋಡುತ್ತಾ ಕೂತಾಗ ಹೈಸ್ಕೂಲಿನ ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ ಪ್ರಸ್ತಾರ ಹಾಕುತ್ತಿದ್ದದ್ದು ನೆನಪಾಯಿತು. ದೀರ್ಘ ಇದ್ದರೆ ಗುರು, ಒತ್ತಕ್ಷರದ ಹಿಂದಿನದು ಗುರು, ಉಳಿದದ್ದು ಲಘು.

ಇಟಾಲಿಯನ್ನಿನಲ್ಲಿ ಒತ್ತು ಬಿದ್ದ ಅಕ್ಷರ ಸ್ವರದಲ್ಲೇ ನಿಂತರೆ ಆ ಸ್ವರ ಎಳೆಯುತ್ತದೆ. ಮುಂದೆ ವ್ಯಂಜನ ತಡೆದು ನಿಂತರೆ ಸ್ವರ ಗಿಡ್ಡವಾಗಿಯೇ ಇರುತ್ತದೆ. ಅಂದರೆ, ಪದದ ಕೊನೆಯ ಅಕ್ಷರವನ್ನು ಬಿಟ್ಟರೆ, ಒತ್ತು ಬಿದ್ದ ಅಕ್ಷರ ಯಾವಾಗಲೂ ಗುರು! ಪರ್ಲವಾಮೊ (ನಾವು ಮಾತಾಡುತ್ತಿದ್ದೆವು), ಪರ್ಲಾವನೊ (ಅವರು ಮಾತಾಡುತ್ತಿದ್ದರು): ದೀರ್ಘ ಹಾಕಿ ಬರೆದರೆ ಒತ್ತಿನ ಜಾಗ ಕಣ್ಣಿಗೇ ಕಾಣುತ್ತದೆ. ಎಲ್ಲ ಗುರುವಿಗೂ ಒತ್ತು ಇರುವುದಿಲ್ಲ, 'ಪರ್ಲಾತೆ'ಯಲ್ಲಿ ಎರಡು ಗುರು ಇವೆ, ಒತ್ತು ಎರಡನೆಯದಕ್ಕೆ. ಆದರೂ ನೋಟ್‌ಬುಕ್ಕಿನ ಮುಕ್ಕಾಲು ಭಾಗ ಇದರಿಂದ ಸರಿಹೋಯಿತು. ಅವತ್ತು ರಾತ್ರಿ ಒಂದು ಗಂಟೆವರೆಗೆ ಕೂತು ಹಿಂದಿನ ಪುಟಗಳನ್ನೆಲ್ಲ ಹೊಸದಾಗಿ ಬರೆದೆ.

ಒಂದು ಕಡೆ ಮಾತ್ರ ಕನ್ನಡ ಲಿಪಿ ಸೋಲುತ್ತದೆ. 'ಪರ್ಲೊ' ಅಂದರೆ ಮಾತಾಡುತ್ತೇನೆ. ಕೊನೆಯ ಒ ಮೇಲೆ ಒತ್ತು ಬಿದ್ದರೆ ಅವನು ಅಥವಾ ಅವಳು ಮಾತಾಡಿದರು ಅಂತ. ಅಲ್ಲಿ ಸ್ವರ ಎಳೆಯುವುದಿಲ್ಲ, ಆದ್ದರಿಂದ ದೀರ್ಘ ಹಾಕುವಂತಿಲ್ಲ. ಅಂಥವಕ್ಕೆ ಕೆಂಪು ಪೆನ್ನಿನ ಗೆರೆ ಎಳೆದಿದ್ದೇನೆ.

ಐದನೇ ವಾರ

ಭವಿಷ್ಯತ್ ಕಾಲ ಬೇಗ ಬಂತು, ಅದು ಹುಟ್ಟಿದ ಬಗೆ ಗೊತ್ತಾದದ್ದರಿಂದ. ಲ್ಯಾಟಿನ್ನಿನಲ್ಲಿ ಧಾತುರೂಪದ ಪಕ್ಕ 'ಹೊಂದಿರು' ಅನ್ನುವ ಪದ ಇಟ್ಟು ಹೇಳುತ್ತಾ ಹೇಳುತ್ತಾ ಎರಡೂ ಒಂದಾದವು, ನಮ್ಮಲ್ಲಿ 'ಬಂದು ಇದ್ದೇನೆ' ಎನ್ನುವುದು 'ಬಂದಿದ್ದೇನೆ' ಆದ ಹಾಗೆ. ಇವತ್ತಿನ ಇಟಾಲಿಯನ್ನಿನಲ್ಲಿ ಆ ಪದದ ರೂಪಗಳು ಒ, ಆಯಿ, ಅ, ಅನ್ನೊ. ಭವಿಷ್ಯತ್ತಿನ ಬಾಲ ನೋಡಿ: ಪರ್ಲೆರೊ, ಪರ್ಲೆರಾಯಿ, ಪರ್ಲೆರ, ಪರ್ಲೆರನ್ನೊ.

ಕೊಂದಿತ್ಸಿಯೊನಾಲೆ, 'ಮಾತಾಡುತ್ತಿದ್ದೆ, ಆದರೆ...' ಅನ್ನುವ ಅರ್ಥ, ಇದರ ಅಣ್ಣತಮ್ಮ. ಪರ್ಲೆರೇಮೊ ಅಂದರೆ ಮಾತಾಡುತ್ತೇವೆ, ಮುಂದೆ. ಪರ್ಲೆರೆಮ್ಮೊ ಅಂದರೆ ಮಾತಾಡುತ್ತಿದ್ದೆವು, ಸಾಧ್ಯವಿದ್ದಿದ್ದರೆ. ನಡುವಿನ ವ್ಯತ್ಯಾಸ ಒಂದು ಮಕಾರದ ಒತ್ತಕ್ಷರ. ಕ್ಲಾಸಿನಲ್ಲಿ ಬೇರೆ ದೇಶಗಳಿಂದ ಬಂದವರು ಇದನ್ನು ಕೇಳಿಸಿಕೊಳ್ಳಲು ಕಷ್ಟಪಡುವುದನ್ನು ನೋಡಿದ್ದೇನೆ. 'ಅಮ್ಮ' ಅಂತ ಮೊದಲ ಮಾತಾಡಿದವರಿಗೆ ಅದು ಕಷ್ಟವಲ್ಲ.

ಆರನೇ ವಾರ

ಕೊಂಜುಂತೀವೊ. ಅನುಮಾನ, ಊಹೆ ಹೇಳುವಾಗ ಬರುವ ಅರ್ಥ. ಇಲ್ಲಿ ಲಿಪಿಯ ಸಹಾಯ ನಡೆಯಲಿಲ್ಲ. ರೂಪಗಳೇನೋ ಸುಲಭ. -ಆರೆ ಗುಂಪಿಗೆ ಇ ಬರುತ್ತದೆ (ಪರ್ಲಿ), ಉಳಿದವಕ್ಕೆ ಅ (ಕ್ರೇದ, ದೊರ್ಮ, ಫಿನಿಸ್ಕ). ನಾನು, ನೀನು, ಅವನು ಮೂವರಿಗೂ ಒಂದೇ ರೂಪ. ಕಷ್ಟ ಇರುವುದು ಯಾವಾಗ ಬಳಸಬೇಕು ಅನ್ನುವಲ್ಲಿ.

ಮೊದಲು ನಮ್ಮ ಸಂಭಾವನಾರ್ಥಕದ ಜೊತೆ ಸೇರಿಸಿ ನೋಡಿದೆ: ಬಂದಾನು, ಮಾಡಿಯಾನು. ಹೊಂದಲಿಲ್ಲ. 'ಬಂದಾನು' ಒಂಟಿಯಾಗಿ ನಿಲ್ಲುತ್ತದೆ. ಕೊಂಜುಂತೀವೊ ಹೆಚ್ಚಾಗಿ ಇನ್ನೊಂದು ಕ್ರಿಯಾಪದದ ಬೆನ್ನಿಗೆ ಬರುತ್ತದೆ. 'ಅವನು ಮಲಗಿದ್ದಾನೆ ಅಂತ ಕಾಣುತ್ತೆ' ಅನ್ನುವಾಗ ನಾವು 'ಮಲಗಿದ್ದಾನೆ'ಯನ್ನು ಮುಟ್ಟುವುದಿಲ್ಲ. 'ಅಂತ' ಸೇರಿಸಿದರೆ ಮುಗಿಯಿತು, ಅನುಮಾನವೆಲ್ಲ 'ಕಾಣುತ್ತೆ'ಯಲ್ಲಿದೆ. ಇಟಾಲಿಯನ್ನಿನಲ್ಲಿ 'ಕ್ರೇದೊ ಕೆ ದೊರ್ಮ' ಅನ್ನಬೇಕು, 'ದೊರ್ಮೆ' ಅಲ್ಲ. ಅನುಮಾನ ಎರಡನೇ ಕ್ರಿಯಾಪದಕ್ಕೂ ಅಂಟಬೇಕು. ನನ್ನ ತಪ್ಪುಗಳೆಲ್ಲ ಈ 'ಅಂತ'ದಿಂದಲೇ ಹುಟ್ಟುತ್ತಿದ್ದವು ಅಂತ ತಿಳಿಯಲು ಒಂದು ವಾರ ಹಿಡಿಯಿತು. ಈಗ 'ಅಂತ' ಮನಸ್ಸಿಗೆ ಬಂದ ಕೂಡಲೇ ಒಂದು ಕ್ಷಣ ನಿಲ್ಲುತ್ತೇನೆ: ಗೊತ್ತಿದ್ದು ಹೇಳುತ್ತಿದ್ದೇನೋ, ಊಹಿಸಿ ಹೇಳುತ್ತಿದ್ದೇನೋ?

ಗೌರವದ ಆಜ್ಞೆಗೂ ಇದೇ ರೂಪ. ನಮ್ಮಲ್ಲಿ ಗೌರವಕ್ಕೆ ಬಹುವಚನ, ಇಲ್ಲಿ 'ಲೇಯಿ', ಅಂದರೆ 'ಅವಳು' ಅನ್ನುವ ಪ್ರಥಮ ಪುರುಷ ಏಕವಚನ. ಮಗುವಿಗೆ 'ಪರ್ಲ', ಮಾತಾಡು. ಹಿರಿಯರಿಗೆ 'ಪರ್ಲಿ', ಮಾತಾಡಿ. ವರ್ತಮಾನದಲ್ಲಿ 'ಪರ್ಲಿ' ನೀನು, 'ಪರ್ಲ' ಅವನು. ಸ್ವರಗಳು ಪೂರ್ತಿ ಅದಲುಬದಲು. ಈ ಪುಟವನ್ನು ಇನ್ನೂ ದಿನಾ ಬೆಳಿಗ್ಗೆ ಓದುತ್ತಿದ್ದೇನೆ.

ಏಳನೇ ವಾರ

168ರಲ್ಲಿ 144 ರೂಪ ಬರೆದಾಯಿತು. ಉಳಿದಿರುವುದು ಪಸ್ಸಾತೊ ರೆಮೋತೊ, ದೂರದ ಭೂತಕಾಲ, ನಾಲ್ಕೂ ಪದಗಳಿಗೆ. ಇಲ್ಲಿ ಉತ್ತರದಲ್ಲಿ ಮಾತಿನಲ್ಲಿ ಅದು ಅಪರೂಪ, ಕತೆ ಓದುವಾಗಲೇ ಹೆಚ್ಚು ಸಿಗುತ್ತದೆ. ದಕ್ಷಿಣದವರು ಈಗಲೂ ಆಡುತ್ತಾರೆ. ಕ್ರೇದೆರೆಗೆ ಅದರಲ್ಲಿ ಕೆಲವು ಪುರುಷಗಳಲ್ಲಿ ಎರಡೆರಡು ರೂಪ ಸರಿ: ಕ್ರೆದೇಯಿ, ಕ್ರೆದೆತ್ತಿ. ಎರಡನ್ನೂ ಬರೆಯುತ್ತೇನೆ.

ಶುಕ್ರವಾರ ರಾತ್ರಿ ಒಂಬತ್ತೂವರೆಗೆ ಕೆಳಗಿನ ಮನೆಯ ಅಜ್ಜಿ ಬಂದು ಮೆಲ್ಲಗೆ ಬಾಗಿಲು ತಟ್ಟಿದರು. ನನ್ನ ಹೆಸರಿಗೆ ಬಂದಿದ್ದ ಒಂದು ಕಾಗದ ಅವರ ಡಬ್ಬಿಗೆ ಬಿದ್ದಿತ್ತಂತೆ. ನಾನು ಬಾಗಿಲು ತೆಗೆದಾಗ ಅವರು ಅಂದದ್ದು: 'ಪೆನ್ಸಾವೊ ಕೆ ದೊರ್ಮಿಸ್ಸೆ.' ಮಲಗಿದ್ದೀರೇನೋ ಅಂದುಕೊಂಡೆ. ಎರಡೂ ನಿಯಮಬದ್ಧ ಕ್ರಿಯಾಪದಗಳು. ಪೆನ್ಸಾವೊ, ಒತ್ತು ಎರಡನೇ ಅಕ್ಷರದ ಮೇಲೆ. ದೊರ್ಮಿಸ್ಸೆ, ಭೂತದ ಕೊಂಜುಂತೀವೊ, ಲೇಯಿ ರೂಪ, ಸಕಾರಕ್ಕೆ ಒತ್ತಕ್ಷರ. ಕಾಗದ ಇಸಕೊಂಡು, ಥ್ಯಾಂಕ್ಸ್ ಹೇಳಿ, ಅವರು ಮೆಟ್ಟಿಲು ಇಳಿಯುವವರೆಗೆ ನಿಂತಿದ್ದು, ಒಳಗೆ ಬಂದು ಆ ವಾಕ್ಯವನ್ನು ಅದರ ಪುಟದಲ್ಲಿ ಬರೆದುಕೊಂಡೆ.